ಇನ್ನೊಂದು ತುದಿ ಹಿಡಿಯುವ ಕೈ

ಸೂತ್ರಧಾರ ಎಂದೊಡನೆ ನಮಗೆ ನೆನಪಾಗುವುದು ರಂಗಸ್ಥಳ. ನಾಂದಿ ಮುಗಿದ ಮೇಲೆ ಬಂದು, ನಟಿಯನ್ನು ಕರೆದು ಎರಡು ಮಾತಾಡಿ, ಕಥೆಯನ್ನು ಶುರು ಮಾಡಿಕೊಟ್ಟು ಹೋಗುವವನು ಅವನು. ಆದರೆ ಈ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಸೂತ್ರ ಎಂದರೆ ದಾರ. ದಾರ ಹಿಡಿದು ಅಳೆಯುವವನು, ಅಂದರೆ ಮರಗೆಲಸದವನು, ಕಟ್ಟಡದ ಕೆಲಸದವನು ಸೂತ್ರಧಾರ. ಬಂಗಾಳದಲ್ಲಿ ಬಡಗಿ ಕುಲದವರಿಗೆ ಸೂತ್ರಧರ ಎಂಬ ಹೆಸರು ಇವತ್ತಿಗೂ ಇದೆ. ಯಜ್ಞವೇದಿಕೆಗಳ ಅಳತೆ ಹೇಳುವ ಶುಲ್ಬಸೂತ್ರಗಳ ಶುಲ್ಬವೂ ಹಗ್ಗವೇ. ನಮ್ಮ ರೇಖಾಗಣಿತ ಹುಟ್ಟಿದ್ದು ಕಾಗದದ ಮೇಲಲ್ಲ, ನೆಲದ ಮೇಲೆ ಎಳೆದು ಕಟ್ಟಿದ ಹಗ್ಗದಲ್ಲಿ.

ಮಯಮತವೆಂಬ ವಾಸ್ತುಗ್ರಂಥ ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿದ್ದದ್ದು. ಅದು ಕಟ್ಟಡದ ಕೆಲಸಕ್ಕೆ ನಾಲ್ಕು ಬಗೆಯ ಜನರನ್ನು ಹೇಳುತ್ತದೆ: ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ. ಯೋಜನೆ ಸ್ಥಪತಿಯದು, ಅಳತೆ ಸೂತ್ರಗ್ರಾಹಿಯದು, ಕಡಿದು ಕೆತ್ತುವುದು ತಕ್ಷಕನದು, ಜೋಡಿಸಿ ನಿಲ್ಲಿಸುವುದು ವರ್ಧಕಿಯದು. ನಮ್ಮ ಬಡಗಿ ಎಂಬ ಮಾತು ಈ ವರ್ಧಕಿಯಿಂದ ಬಂದದ್ದು ಎಂದು ನಿಘಂಟುಕಾರರು ಹೇಳುತ್ತಾರೆ. ನನಗೆ ಸ್ವಾರಸ್ಯವೆನಿಸಿದ್ದು ಬೇರೆ. ಸೂತ್ರಗ್ರಾಹಿಯಾಗಿರತಕ್ಕವನು ಸ್ಥಪತಿಯ ಮಗ ಅಥವಾ ಶಿಷ್ಯ ಎಂದು ಆ ಗ್ರಂಥ ಹೇಳುತ್ತದೆ. ದಾರಕ್ಕೆ ಎರಡು ತುದಿ. ಒಂದನ್ನು ಗುರು ಹಿಡಿದರೆ ಇನ್ನೊಂದನ್ನು ಹಿಡಿಯಲು ಯಾರಾದರೂ ಬೇಕಲ್ಲ!

ಮರವನ್ನು ನೇರವಾಗಿ ಕೊಯ್ಯುವುದು ಎಂಬ ಸಣ್ಣ ಕೆಲಸದ ಚರಿತ್ರೆಯನ್ನು ಹಿಂಬಾಲಿಸಿದರೆ, ಅದು ಈ ಇನ್ನೊಂದು ತುದಿಯನ್ನು ಯಾರು ಹಿಡಿದರು ಎಂಬುದರ ಚರಿತ್ರೆಯೇ ಎಂದು ನನಗೆ ತೋರುತ್ತದೆ. ಇಂದು ಪ್ಲೈವುಡ್ ಹಲಗೆಯ ಮೇಲೆ ಉದ್ದನೆಯ ಪಟ್ಟಿಯೊಂದನ್ನಿಟ್ಟು, ಎರಡು ಕಡೆ ಕ್ಲಾಂಪಿನಿಂದ ಬಿಗಿದು, ಆ ಪಟ್ಟಿಗೆ ಆನಿಸಿಕೊಂಡು ಕರೆಂಟಿನ ಗರಗಸ ಓಡಿಸುತ್ತಾರೆ. ಆ ಪಟ್ಟಿಗೆ ಕೆಲಸಗಾರರು ಗೈಡು ಎನ್ನುತ್ತಾರೆ. ದಾರದಿಂದ ಈ ಗೈಡಿನವರೆಗೆ ನಡೆದದ್ದೇನು ಎಂಬುದು ಇಲ್ಲಿನ ವಿಷಯ.

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಆಚಾರ್ರು ದಾರದ ಕಾಲದವರು. ಹಲಸಿನ ದಿಮ್ಮಿಯನ್ನು ಹಲಗೆ ಮಾಡಬೇಕಾದಾಗ ಮೊದಲು ಅದರ ಒಂದು ಮಗ್ಗುಲನ್ನು ಬಾಚಿಯಿಂದ ಕೆತ್ತಿ ಚಪ್ಪಟೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ಗೆರಟೆಯಲ್ಲಿ ಕಲಸಿದ ಇದ್ದಿಲ ನೀರಿಗೆ ದಾರ ಅದ್ದಿ, ಒಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದರು. “ತಮ್ಮಾ, ಗುರುತಿನ ಮೇಲೇ ಒತ್ತಿ ಹಿಡಿ. ಅಲ್ಲಾಡಿಸ್ಬೇಡ.” ತಾವು ಆ ತುದಿಗೆ ಹೋಗಿ ದಾರವನ್ನು ಬಿಗಿಯಾಗಿ ಎಳೆದು, ನಡುವೆ ಎರಡು ಬೆರಳಲ್ಲಿ ಎತ್ತಿ ಬಿಡುತ್ತಿದ್ದರು. ಟಪ್ ಎಂದು ಒಂದು ಸದ್ದು. ದಿಮ್ಮಿಯ ಮೇಲೆ ಕಪ್ಪು ಗೆರೆ. ದಾರವನ್ನು ನೆಟ್ಟಗೆ ಮೇಲಕ್ಕೇ ಎತ್ತಬೇಕು, ಒಂದಿಷ್ಟು ಪಕ್ಕಕ್ಕೆ ವಾಲಿದರೂ ಗೆರೆ ಬಾಗುತ್ತದೆ ಎಂದು ಅವರು ಹೇಳಿಕೊಟ್ಟದ್ದು ನೆನಪಿದೆ. ಉಳಿದದ್ದೆಲ್ಲ ದಾರದ ಕೆಲಸ. ಬಿಗಿದ ದಾರ ಎರಡು ಬಿಂದುಗಳ ನಡುವಿನ ಹತ್ತಿರದ ಹಾದಿಯನ್ನು ತಾನಾಗಿ ಹಿಡಿಯುತ್ತದೆ. ಅದಕ್ಕೆ ವಿದ್ಯೆ ಬೇಡ, ಬಿಗಿ ಬೇಕು.

ಆದರೆ ದಾರ ಗೆರೆಯನ್ನು ಮಾತ್ರ ಕೊಡುತ್ತದೆ, ಗರಗಸವನ್ನು ನಡೆಸುವುದಿಲ್ಲ. ದಿಮ್ಮಿಯನ್ನು ಎತ್ತರದ ಅಟ್ಟಣೆಗೆ ಏರಿಸಿ, ಒಬ್ಬ ಮೇಲೆ ನಿಂತು, ಇನ್ನೊಬ್ಬ ಕೆಳಗೆ ನಿಂತು ಉದ್ದ ಗರಗಸವನ್ನು ಎಳೆಯುತ್ತಿದ್ದರು. ಮೇಲಿನವನ ಕಣ್ಣು ಗೆರೆಯ ಮೇಲೆ; ಕೆಳಗಿನವನ ಕಣ್ಣಿಗೆ ಹೊಟ್ಟು. ಪ್ರತಿ ಎಳೆತಕ್ಕೂ ಗರಗಸ ಮುಂದೆ ಹೋಗುವುದು ಸ್ವಲ್ಪವೇ. ಆದ್ದರಿಂದ ಅದು ಗೆರೆ ಬಿಡಲು ತೊಡಗಿದರೆ ಕಣ್ಣಿಗೆ ಕಾಣುವಷ್ಟು, ಕೈ ತಿದ್ದುವಷ್ಟು ಹೊತ್ತು ಸಿಗುತ್ತಿತ್ತು. ಹಾಗಿದ್ದೂ ಹಲಗೆ ಒರಟಾಗಿಯೇ ಬರುವುದು. ಅದಕ್ಕೇ ಬೇಕಾದುದಕ್ಕಿಂತ ಒಂದು ನೂಲು ಹೆಚ್ಚು ಬಿಟ್ಟು ಕೊಯ್ದು, ಆಮೇಲೆ ಉಜ್ಜುಗೊರಡಿನಲ್ಲಿ ಹೊರೆದು ನೇರ ಮಾಡುವುದು ಕ್ರಮ. ಕೊಯ್ಯುವುದು ಅರ್ಧ ಕೆಲಸ. ನೇರ ಎಂಬುದು ಉಜ್ಜುಗೊರಡಿನಿಂದ ಬರುತ್ತಿತ್ತು.

ಮರದ ಸ್ವಭಾವವೂ ಇದಕ್ಕೆ ಹೊಂದಿಕೊಂಡಿತ್ತು. ಹಲಗೆ ಮಳೆಗಾಲದಲ್ಲಿ ಅಡ್ಡಡ್ಡ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಲೆನಾಡಿನಲ್ಲಿ ಆಷಾಢದಲ್ಲಿ ಹಾಕಿಕೊಳ್ಳದ ಬಾಗಿಲು ಮಾಘದಲ್ಲಿ ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದಕ್ಕೇ ಬಾಗಿಲನ್ನು ಚೌಕಟ್ಟು ಮಾಡಿ, ಒಳಗಿನ ಹಲಗೆಯನ್ನು ತೋಡಿನಲ್ಲಿ ಸಡಿಲವಾಗಿ ಕೂರಿಸುತ್ತಿದ್ದರು. ಹತ್ತು ಅಡಿಗೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಎಂಬ ಲೆಕ್ಕ ಅಲ್ಲಿ ಬೇಕಾಗಿರಲಿಲ್ಲ. ಮರವೇ ಅಷ್ಟು ನಿಷ್ಠುರವಾಗಿರಲಿಲ್ಲ.

ನಿಷ್ಠುರ ಬಂದದ್ದು ಪ್ಲೈವುಡ್ಡಿನ ಜೊತೆ. ತೆಳು ಪದರಗಳನ್ನು ಒಂದರ ಮೇಲೊಂದು ಎಳೆ ಅಡ್ಡಡ್ಡ ಬರುವಂತೆ ಜೋಡಿಸುವ ಯೋಚನೆ ತೀರಾ ಹಳೆಯದು. ಈಜಿಪ್ಟಿನ ಸಕ್ಕಾರಾದಲ್ಲಿ ಮೂರನೆಯ ರಾಜವಂಶದ ಕಾಲದ, ಆರು ಪದರದ ಮರದ ಶವಪೆಟ್ಟಿಗೆ ಸಿಕ್ಕಿದೆ. ಆದರೆ ಅಂಗಡಿಯಲ್ಲಿ ಕೊಳ್ಳುವ ಹಲಗೆಯಾಗಿ ಅದು ಬಂದದ್ದು ಈಚೆಗೆ. 1865ರಲ್ಲಿ ನ್ಯೂಯಾರ್ಕಿನ ಜಾನ್ ಮೇಯೊ ಇದಕ್ಕೆ ಪೇಟೆಂಟ್ ಪಡೆದ. 1905ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ವಸ್ತುಪ್ರದರ್ಶನದಲ್ಲಿ ಅಲ್ಲಿಯ ಕಾರ್ಖಾನೆಯೊಂದು ಡಗ್ಲಸ್ ಫರ್ ಮರದ ಪ್ಲೈ ಹಲಗೆಗಳನ್ನು ಇಟ್ಟ ಮೇಲೆ ಅದೊಂದು ಉದ್ಯಮವಾಗಿ ಬೆಳೆಯಿತು. ನಮ್ಮ ದೇಶಕ್ಕೆ ಅದು ಬೀರುವಿನ ರೂಪದಲ್ಲಿ ಬರಲಿಲ್ಲ, ಚಹಾ ಪೆಟ್ಟಿಗೆಯ ರೂಪದಲ್ಲಿ ಬಂತು. ಅಸ್ಸಾಮಿನ ಚಹಾ ಹಡಗಿನಲ್ಲಿ ಹೋಗಲು ಹಗುರವೂ ಗಟ್ಟಿಯೂ ಆದ ಪೆಟ್ಟಿಗೆ ಬೇಕಿತ್ತು. ನಮ್ಮ ಕಡೆ ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆ ಬಂತು. ಬೆಂಗಳೂರಿನಲ್ಲಿ 1962ರಲ್ಲಿ ಈ ಉದ್ಯಮಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು. ಕಾಡಿನ ಮರ ಎಷ್ಟು ಹೋಯಿತೆಂಬುದು ಬೇರೆಯೇ ಕಥೆ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮರ ಕಡಿತಕ್ಕೆ ಬಿಗಿಯಾದ ಕಡಿವಾಣ ಹಾಕಿದ ಮೇಲೆ ಈ ಉದ್ಯಮ ಕಾಡು ಬಿಟ್ಟು ಹೊಲದ ಮರಗಳ ಕಡೆಗೆ, ಪಾಪ್ಲರ್, ನೀಲಗಿರಿ, ಸಿಲ್ವರ್ ಓಕ್‌ಗಳ ಕಡೆಗೆ ತಿರುಗಿತು.

ಬಡಗಿಯ ಮಟ್ಟಿಗೆ ಪ್ಲೈವುಡ್ ತಂದ ಬದಲಾವಣೆ ಇದು: ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆ ನಾಲ್ಕು ಕಡೆಯೂ ನೇರವಾಗಿಯೇ ಅಂಗಡಿಯಿಂದ ಬರುತ್ತದೆ. ಪದರಗಳು ಒಂದನ್ನೊಂದು ಅಡ್ಡ ಹಿಡಿದುಕೊಂಡಿರುವುದರಿಂದ ಅದು ಉಬ್ಬಿ ಕುಗ್ಗುವುದು ಬಹಳ ಕಮ್ಮಿ. ಕೊಯ್ದ ಮೇಲೆ ಉಜ್ಜುಗೊರಡು ಹಾಕಿ ತಿದ್ದಲು ಹೋದರೆ ಅಡ್ಡ ಎಳೆಯ ಪದರಗಳು ಕಿತ್ತುಬರುತ್ತವೆ. ಮೇಲೆ ಸನ್ಮೈಕ ಅಂಟಿಸಿ, ಅಂಚಿಗೆ ತೆಳು ಪಟ್ಟಿ ಹೊಡೆದು, ಎರಡು ಬಾಗಿಲನ್ನು ಪಕ್ಕಪಕ್ಕ ಕೂರಿಸಿದಾಗ ಒಂದು ಮಿಲಿಮೀಟರಿನ ಡೊಂಕೂ ಸಂದಿನಲ್ಲಿ ಎದ್ದು ಕಾಣುತ್ತದೆ. ಅಂದರೆ ಕೊಯ್ತವೇ ಕೊನೆಯ ಕೆಲಸವಾಯಿತು. ಆಮೇಲೆ ತಿದ್ದುವ ಅವಕಾಶ ಹೋಯಿತು.

ಅದೇ ಹೊತ್ತಿಗೆ ಗರಗಸವೂ ಬದಲಾಗಿತ್ತು. ಚಕ್ರದಂತೆ ತಿರುಗುವ ಗರಗಸಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ ಪೇಟೆಂಟ್ ಪಡೆದದ್ದು 1777ರಲ್ಲಿ. 1906ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಆಲ್ಟೆಂಡಾರ್ಫ್, ಹಲಗೆಯನ್ನು ಹೊತ್ತುಕೊಂಡು ತಾನೇ ಜಾರುವ ಮೇಜಿನ ಗರಗಸ ಮಾಡಿದ. ಅಲ್ಲಿ ಗರಗಸ ನಿಂತಿರುತ್ತದೆ, ಮರ ಚಲಿಸುತ್ತದೆ. ದೊಡ್ಡ ಕಾರ್ಖಾನೆಗೆ ಅದು ಸರಿ. ಕೈಯಲ್ಲಿ ಹಿಡಿದು ಓಡಿಸುವ ವಿದ್ಯುತ್ ಗರಗಸ ಬಂದದ್ದು 1920ರ ದಶಕದಲ್ಲಿ. ಅಮೆರಿಕದ ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಮಿಶೆಲ್ ಎಂಬಾತ ಕಬ್ಬು ಕಡಿಯುವ ಯಂತ್ರಕತ್ತಿ ಮಾಡಲು ಹೊರಟು, ಕೊನೆಗೆ ಮರ ಕೊಯ್ಯುವ ಗರಗಸ ಮಾಡಿದ. 1924ರಲ್ಲಿ ಅದರ ಕಂಪನಿ ಶುರುವಾಯಿತು. ಇಲ್ಲಿ ಮರ ನಿಂತಿರುತ್ತದೆ, ಗರಗಸ ಚಲಿಸುತ್ತದೆ. ಮನೆಮನೆಗೆ ಹೋಗಿ ಕೆಲಸ ಮಾಡುವ ಬಡಗಿಗೆ ಬೇಕಾಗಿದ್ದುದು ಇದೇ.

ಆದರೆ ಈ ಗರಗಸ ಕಣ್ಣಿನ ಮಾತು ಕೇಳುವುದಿಲ್ಲ. ಕೈಗರಗಸ ಗೆರೆ ಬಿಟ್ಟರೆ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿ ದಾರಿಗೆ ತರಬಹುದು. ಚಕ್ರದ ಅಲಗು ಚಪ್ಪಟೆ ತಟ್ಟೆ. ಎರಡು ಮೂರು ಮಿಲಿಮೀಟರಿನ ಸೀಳಿನೊಳಗೆ ನಿಂತು ತಿರುಗುತ್ತಿರುತ್ತದೆ. ಅದನ್ನು ತಿರುಗಿಸಲು ಹೋದರೆ ಸೀಳಿನ ಗೋಡೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತು ತಿರುಗುವ ರಭಸವೆಲ್ಲ ಗರಗಸವನ್ನೇ ಹಿಂದಕ್ಕೆ, ಹಿಡಿದವನ ಕಡೆಗೆ ಎತ್ತಿ ಒಗೆಯುತ್ತದೆ. ಆದ್ದರಿಂದ ಗೆರೆ ಕಣ್ಣಿಗೆ ಕಂಡರೆ ಸಾಲದು. ಗರಗಸದ ಮೈಗೆ ತಾಗುವಂತಿರಬೇಕು. ಗೆರೆ ಗೋಡೆಯಾಗಬೇಕು.

ಇಲ್ಲೊಂದು ಪ್ರಶ್ನೆ ಬರುತ್ತದೆ. ಆ ಗೋಡೆ ನೇರವಾಗಿದೆಯೆಂದು ಹೇಳುವವರಾರು? ವೃತ್ತ ಬರೆಯಲು ಕೈವಾರವಿದೆ. ಅದರೊಳಗೆ ವೃತ್ತವೇನೂ ಇಲ್ಲ. ಆದರೂ ಅದು ವೃತ್ತವನ್ನು ಹುಟ್ಟಿಸುತ್ತದೆ. ನೇರಗೆರೆ ಎಳೆಯುವ ಪಟ್ಟಿ ಹಾಗಲ್ಲ. ಅದು ತನ್ನಲ್ಲಿರುವ ನೇರವನ್ನು ನಕಲು ಮಾಡುತ್ತದೆ, ತನ್ನಲ್ಲಿರುವ ಡೊಂಕನ್ನೂ. ಹಾಗಾದರೆ ಮೊದಲ ಪಟ್ಟಿಗೆ ನೇರವನ್ನು ಕೊಟ್ಟವರಾರು? ಇದು ಕುಚೋದ್ಯದ ಪ್ರಶ್ನೆಯಲ್ಲ. ಆವಿಯಂತ್ರದ ಜೇಮ್ಸ್ ವಾಟ್ ಇದಕ್ಕಾಗಿ ತಲೆ ಕೆಡಿಸಿಕೊಂಡು 1784ರಲ್ಲಿ ಕಡ್ಡಿಗಳ ಒಂದು ಜೋಡಣೆ ಮಾಡಿದ. ಅದು ಹೆಚ್ಚುಕಡಿಮೆ ನೇರವಾಗಿ ಚಲಿಸುತ್ತಿತ್ತು, ಪೂರ್ತಿ ಅಲ್ಲ. ತನ್ನ ಉಳಿದೆಲ್ಲ ಯಂತ್ರಗಳಿಗಿಂತ ಇದರ ಬಗ್ಗೆ ತನಗೆ ಹೆಚ್ಚು ಹೆಮ್ಮೆ ಎಂದು ಅವನು ಮುಪ್ಪಿನಲ್ಲಿ ಮಗನಿಗೆ ಬರೆದನಂತೆ. ಪಟ್ಟಿಯ ನೆರವಿಲ್ಲದೆ, ಒಂದೇ ಸಮತಲದಲ್ಲಿ ಏಳು ಕಡ್ಡಿಗಳನ್ನು ಜೋಡಿಸಿ ನಿಜವಾದ ನೇರಗೆರೆ ಎಳೆಯುವ ಉಪಾಯವನ್ನು ಫ್ರೆಂಚ್ ಸೈನ್ಯಾಧಿಕಾರಿ ಪೊಸೆಲಿಯೆ ಪ್ರಕಟಿಸಿದ್ದು 1864ರಲ್ಲಿ. ನೇರಗೆರೆ ಎಳೆಯುವುದು ಹೇಗೆ ಎಂಬುದನ್ನೇ ವಸ್ತುವಾಗಿಟ್ಟುಕೊಂಡು ಇಂಗ್ಲೆಂಡಿನ ಕೆಂಪ್ 1877ರಲ್ಲಿ ಒಂದು ಪುಸ್ತಕ ತಂದ. ರೈಲು ಓಡಿ ಎಷ್ಟೋ ವರ್ಷಗಳಾದ ಮೇಲೂ ಈ ಪ್ರಶ್ನೆ ಮುಗಿದಿರಲಿಲ್ಲ ಎಂಬುದು ಯೋಚಿಸತಕ್ಕ ಸಂಗತಿ.

ಯಂತ್ರಶಾಲೆಗಳು ಮಾತ್ರ ಅಲ್ಲಿಯವರೆಗೆ ಕಾಯಲಿಲ್ಲ. ಲಂಡನ್ನಿನ ಹೆನ್ರಿ ಮೋಡ್ಸ್ಲೆ 1800ರ ಸುಮಾರಿಗೆ, ಲೋಹ ಕಡೆಯುವ ಉಳಿಯನ್ನು ಕೈಯಿಂದ ಬಿಡಿಸಿ, ನೇರ ಹಳಿಯ ಮೇಲೆ ಜಾರುವ ಹಿಡಿಕೆಗೆ ಕಟ್ಟಿದ. ಅವನಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿದ್ವತ್ಸಭೆಯಲ್ಲಿ ಸಮತಟ್ಟಾದ ಲೋಹದ ಫಲಕ ಮಾಡುವ ಕ್ರಮವನ್ನು ವಿವರಿಸಿದ. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ, ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಅವು ಕೂಡಿಕೊಳ್ಳಬಹುದು. ಮೂರು ಫಲಕಗಳನ್ನು ತೆಗೆದುಕೊಂಡು, ಯಾವ ಎರಡನ್ನು ಇಟ್ಟರೂ ಕೂಡುವಂತೆ ಕೆರೆದರೆ ಮೂರೂ ಸಮತಟ್ಟಾಗಲೇಬೇಕು. ಸತ್ಯಕ್ಕೆ ಇಬ್ಬರ ಒಪ್ಪಿಗೆ ಸಾಲದು, ಮೂರನೆಯವನೂ ಬೇಕು ಎಂದಂತಾಯಿತು.

ಬಡಗಿಯಲ್ಲಿ ಇದಕ್ಕೆ ಇನ್ನೂ ಸರಳ ಉಪಾಯವಿದೆ. ಪಟ್ಟಿಯಿಟ್ಟು ಚೂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಪಟ್ಟಿಯನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚನ್ನು ಅದೇ ಎರಡು ತುದಿಗಳಿಗೆ ಕೂಡಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಪಟ್ಟಿ ನೇರ. ನಡುವೆ ಸಂದು ಬಿಟ್ಟರೆ ಪಟ್ಟಿಯ ತಪ್ಪು ಆ ಸಂದಿನ ಅರ್ಧದಷ್ಟು. ತನ್ನ ತಪ್ಪನ್ನು ತಾನೇ ಇಮ್ಮಡಿ ಮಾಡಿ ತೋರಿಸುವ ಸಾಧನ ಇದು. ಇಂಥ ಇನ್ನೊಂದನ್ನು ನಾನು ಕಂಡಿಲ್ಲ.

ಗರಗಸಕ್ಕೆಂದೇ ಹಳಿ ಮಾಡಿದ ಶ್ರೇಯಸ್ಸು ಜರ್ಮನಿಯ ಫೆಸ್ಟೊ ಕಂಪನಿಗೆ ಸಲ್ಲುತ್ತದೆ, ಅದು 1962ರಲ್ಲಿ. ಮೋಡ್ಸ್ಲೆ ಲೋಹಕ್ಕೆ ಮಾಡಿದ್ದನ್ನು ಮರಕ್ಕೆ ತರಲು ಒಂದೂವರೆ ಶತಮಾನವೇ ಹಿಡಿಯಿತು. ಆ ಹಳಿ ದುಬಾರಿ. ನಮ್ಮಲ್ಲಿ ನಡೆಯುವುದು ಬೇರೆ: ಅಲ್ಯುಮಿನಿಯಂ ಚೌಕ ಪೈಪು, ಇಲ್ಲವೇ ಪ್ಲೈವುಡ್ಡಿನಿಂದಲೇ ಕೊಯ್ದ ಐದಾರು ಅಂಗುಲದ ಪಟ್ಟಿ. ಆ ಪಟ್ಟಿಗೆ ಕಾರ್ಖಾನೆಯಿಂದ ನೇರವಾಗಿ ಬಂದ ಅಂಚನ್ನೇ ಉಳಿಸಿಕೊಳ್ಳಬೇಕು. ಅದನ್ನು ಹಲಗೆಯ ಮೇಲಿಟ್ಟು ಎರಡು ತುದಿಗೂ ಕ್ಲಾಂಪು ಬಿಗಿದರೆ ಗೈಡು ಸಿದ್ಧ.

ಬಳಸುವಾಗಿನ ಲೆಕ್ಕವೂ ಕಷ್ಟದ್ದಲ್ಲ. ಗರಗಸದ ತಳದ ಅಂಚು ಪಟ್ಟಿಗೆ ತಾಗಿ ಓಡುತ್ತದೆ. ಅಲಗು ಅಲ್ಲಿಂದ ಒಂದಷ್ಟು ದೂರದಲ್ಲಿ ಕೊಯ್ಯುತ್ತದೆ. ಆ ದೂರವನ್ನು ಚೂರು ಹಲಗೆಯೊಂದನ್ನು ಕೊಯ್ದು ಅಳೆದುಕೊಳ್ಳಬೇಕು. ಗೆರೆಯಿಂದ ಅಷ್ಟು ದೂರಕ್ಕೆ ಪಟ್ಟಿಯನ್ನು ಎರಡು ತುದಿಯಲ್ಲೂ ಅಳೆದು ಕೂರಿಸಬೇಕು. ಒಂದೇ ತುದಿ ಅಳೆದರೆ ಕೊಯ್ತ ನೇರವಾಗಿಯೇ ಬರುತ್ತದೆ, ಆದರೆ ಓರೆಯಾಗಿ ಬರುತ್ತದೆ. ಅಲಗು ತಿನ್ನುವ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು: 1220 ಮಿಲಿಮೀಟರಿನ ಹಲಗೆಯಿಂದ ಸಮನಾದ ಮೂರು ಪಟ್ಟಿ ತೆಗೆಯುವಾಗ ಎರಡು ಕೊಯ್ತ, ಮೂರರಂತೆ ಆರು ಮಿಲಿಮೀಟರು ಹೊಟ್ಟಾಗಿ ಹೋಗುತ್ತದೆ. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರುವುದರಿಂದ ಚಂದದ ಮುಖ ಕೆಳಗಿರಬೇಕು. ಅಲಗು ಹಲಗೆಯ ಆಚೆಗೆ ಕಾಲು ಅಂಗುಲ ಇಣುಕಿದರೆ ಸಾಕು. ಕೊಯ್ದು ಬೇರೆಯಾಗುವ ಭಾಗಕ್ಕೂ ಕೆಳಗೆ ಆಸರೆ ಬೇಕು. ಇಲ್ಲವಾದರೆ ಅದು ಜೋತು ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಬಡಗಿಗೆ ಒಪ್ಪುವುದಿಲ್ಲ. ಇಲ್ಲಿ ನೆಲ ಡೊಂಕಿದ್ದರೆ ನಿಜವಾಗಿಯೂ ಕೊಯ್ತ ಕೆಡುತ್ತದೆ.

ನೋಡಿ, ಕೌಶಲ ಎಲ್ಲಿಗೆ ಹೋಯಿತು? ಹೋಗಿಲ್ಲ, ಜಾಗ ಬದಲಿಸಿದೆ. ಆಚಾರ್ರ ವಿದ್ಯೆ ಗರಗಸ ಓಡುವಾಗ ಅವರ ಕಣ್ಣಿನಲ್ಲಿ, ಮಣಿಕಟ್ಟಿನಲ್ಲಿ ಇರುತ್ತಿತ್ತು. ಗೈಡಿನವನ ವಿದ್ಯೆ ಗರಗಸ ಶುರುವಾಗುವ ಮೊದಲೇ ಮುಗಿದಿರುತ್ತದೆ. ಅಳೆದು, ಬಿಗಿದು, ಇನ್ನೊಮ್ಮೆ ಅಳೆದು, ಆಮೇಲೆ ಗುಂಡಿ ಒತ್ತುವುದು. ಹೀಗಾಗಿ ಹೊರಗಿನಿಂದ ನೋಡುವವರಿಗೆ ಅದು ವಿದ್ಯೆಯಾಗಿ ಕಾಣುವುದೇ ಇಲ್ಲ, ಸುಮ್ಮನೆ ಹೊತ್ತು ಕಳೆದಂತೆ ಕಾಣುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಪೇಟೆಯಲ್ಲಿ ಒಳಾಂಗಣದ ಮರಗೆಲಸಕ್ಕೆ ಕೂಲಿ ಹೆಚ್ಚಾಗಿ ಚದರ ಅಡಿ ಲೆಕ್ಕ. ಕ್ಲಾಂಪು ಬಿಗಿಯುವ ಐದು ನಿಮಿಷಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಕಲ್ಲು ಕೊಯ್ಯುವ ಸಣ್ಣ ಮಾರ್ಬಲ್ ಕಟರಿಗೆ ಮರದ ಅಲಗು ಹಾಕಿಕೊಂಡು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಗೆರೆ ನೋಡಿಕೊಂಡೇ ಓಡಿಸುವ ಹುಡುಗರು ಎಲ್ಲ ಕಡೆ ಇದ್ದಾರೆ. ಅವರಲ್ಲಿ ಹಲವರ ಕೈ ನಿಜವಾಗಿಯೂ ಪಳಗಿದ ಕೈ, ಗೆರೆ ತಪ್ಪುವುದಿಲ್ಲ. ಆದರೆ ಚಕ್ರದ ಗರಗಸ ಪಳಗಿದ ಕೈಗೆ ರಿಯಾಯಿತಿ ತೋರಿಸುವುದಿಲ್ಲ. ನನಗೆ ಪರಿಚಯವಿದ್ದ ಮನೆಯೊಂದರ ಕೆಲಸದಲ್ಲಿ ಹಾಗೆಯೇ ಕೊಯ್ಯುತ್ತಿದ್ದ ಹುಡುಗನ ಗರಗಸ ಹಿಂದಕ್ಕೆ ಹಾರಿತು. ಎಡಗೈಯ ಎರಡು ಬೆರಳು ಹೋದವು. ಇಪ್ಪತ್ತೆರಡು ವರ್ಷದ ಹುಡುಗ. ಕೆಲಸಕ್ಕೆ ಬಂದದ್ದು ಬೇರೆ ರಾಜ್ಯದಿಂದ. ಗುತ್ತಿಗೆದಾರ ಆಸ್ಪತ್ರೆಯ ಖರ್ಚು ಕೊಟ್ಟ, ಊರಿಗೆ ರೈಲು ಹತ್ತಿಸಿದ. ಮಾರನೆಯ ದಿನ ಅದೇ ಜಾಗದಲ್ಲಿ ಇನ್ನೊಬ್ಬ ಹುಡುಗ ಕೂತು, ಅದೇ ಗರಗಸ ಹಿಡಿದು, ಉಳಿದ ಹಲಗೆಗಳನ್ನು ಕೊಯ್ದ. ಗೈಡು ಆಗಲೂ ಇರಲಿಲ್ಲ.

ದಾರದ ಕಾಲದಲ್ಲಿ ಇನ್ನೊಂದು ತುದಿಗೆ ಒಬ್ಬ ಮನುಷ್ಯನಿದ್ದ. ಮಗ, ಶಿಷ್ಯ, ಇಲ್ಲವೇ ನನ್ನಂಥ ಮನೆಯ ಹುಡುಗ. ಅಟ್ಟಣೆಯ ಗರಗಸಕ್ಕೂ ಇಬ್ಬರು. ಕೆಲಸ ನಿಧಾನವಾದದ್ದೂ ಅದರಿಂದ, ಒಬ್ಬ ಎಡವಿದರೆ ಇನ್ನೊಬ್ಬ ನಿಲ್ಲಿಸುತ್ತಿದ್ದದ್ದೂ ಅದರಿಂದ. ಇಂದಿನ ಕೆಲಸಗಾರ ಒಬ್ಬಂಟಿ. ಅವನ ಪಾಲಿಗೆ ಇನ್ನೊಂದು ತುದಿ ಹಿಡಿಯುವ ಕೈ ಎಂದರೆ ಆ ಎರಡು ಕಬ್ಬಿಣದ ಕ್ಲಾಂಪುಗಳೇ. ಯಂತ್ರ ಬಂದು ಕುಶಲಕಲೆ ಹಾಳಾಯಿತು ಎಂದು ಕೊರಗುವವರ ಜೊತೆ ನಾನು ಈ ಒಂದು ವಿಷಯದಲ್ಲಿ ಸೇರಲಾರೆ. ಹಾಳಾದದ್ದಿದ್ದರೆ ಅದು ಗೈಡಿನಿಂದ ಅಲ್ಲ, ಗೈಡು ಇಡಲು ಹೊತ್ತಿಲ್ಲ ಎಂಬ ಲೆಕ್ಕಾಚಾರದಿಂದ.

ಮನೆ ಕಟ್ಟಿಸುವವರು ಟೈಲಿನ ಬಣ್ಣ, ಸನ್ಮೈಕದ ಹೊಳಪು, ಹಿಡಿಕೆಯ ಬೆಲೆ ಎಲ್ಲವನ್ನೂ ವಿಚಾರಿಸುತ್ತಾರೆ. ಹಲಗೆ ಕೊಯ್ಯುವಾಗ ಪಟ್ಟಿ ಬಿಗಿಯುತ್ತೀರಾ ಎಂದೂ ಒಮ್ಮೆ ಕೇಳಬಹುದು. ಕೊಯ್ಯುವ ಕೆಲಸದ ಮಟ್ಟಿಗಾದರೂ ಚದರ ಅಡಿಯ ಲೆಕ್ಕ ಬಿಟ್ಟು ದಿನಗೂಲಿ ಕೊಡಬಹುದು. ಎರಡು ಕ್ಲಾಂಪು, ಒಂದು ನೇರ ಪಟ್ಟಿ ಸೇರಿ ಆಗುವ ಖರ್ಚು ಬೀರುವಿನ ಒಂದು ಬಾಗಿಲಿನ ಬೆಲೆಯಷ್ಟೂ ಆಗಲಾರದು. ಕೆಲಸಗಾರರ ಹತ್ತಿರ ಇಲ್ಲವೆಂದರೆ ತಂದು ಕೊಟ್ಟುಬಿಡಿ. ಪಟ್ಟಿ ನೇರವಾಗಿದೆಯೇ ಎಂದು ಮಗುಚಿ ನೋಡುವುದು ಹೇಗೆಂದು ನಿಮಗೆ ಈಗ ಗೊತ್ತಿದೆ.